ಭೂಕಾಂತತ್ವ: ಅಧ್ಯಯನದ ಇತಿಹಾಸ

ಭೂಮಿಯ ಕಾಂತಕ್ಷೇತ್ರವನ್ನೂ ಅದರ ಏರುಪೇರುಗಳನ್ನೂ ಅಭ್ಯಸಿಸುವ ವಿಜ್ಞಾನಶಾಖೆ. ನೆಲಮಟ್ಟದಲ್ಲಿ ಈ ಕ್ಷೇತ್ರದ ಬಲ ಸುಮಾರು 25,000ದಿಂದ 65,000 ನ್ಯಾನೋಟೆಸ್ಲಾ; ಸಾಮಾನ್ಯವಾಗಿ ಕಾಂತೀಯ ಸಮಭಾಜಕದ ಬಳಿ ಕಡಿಮೆ, ಧ್ರುವಗಳತ್ತ ಹೆಚ್ಚು. ಭೂಮಿ ಸ್ಥಿರವಾದೊಂದು ಅಯಸ್ಕಾಂತವೆಂಬ ಎಣಿಕೆಯಿಂದ ಹೊರಟು, ಅದರ ಕ್ಷೇತ್ರ ಸದಾ ಬದಲಾಗುತ್ತದೆಂಬ ತಿಳಿವಿಗೆ ಬಂದದ್ದು ಈ ಶಾಖೆಯ ಚರಿತ್ರೆ.

ಆರಂಭ: ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವುದು ಪ್ರಾಚೀನರಿಗೆ ಗೊತ್ತಿತ್ತು. ಕಾಂತಸೂಜಿ ನೇರ ದಕ್ಷಿಣಕ್ಕೆ ನಿಲ್ಲದೆ ತುಸು ಪೂರ್ವಕ್ಕೆ ಸರಿಯುವುದನ್ನು ಚೀನಾದ ಶೆನ್ ಕುವೊ 11ನೆಯ ಶತಮಾನದಲ್ಲೇ ಬರೆದಿಟ್ಟ. ಅಯಸ್ಕಾಂತವನ್ನು ತುಂಡರಿಸಿದರೂ ಪ್ರತಿ ತುಂಡಿಗೆ ಎರಡು ಧ್ರುವಗಳಿರುತ್ತವೆ ಎಂಬುದನ್ನು ಪೆಟ್ರಸ್ ಪೆರೆಗ್ರಿನಸ್ 1269ರಲ್ಲಿ ವಿವರಿಸಿದ. ಸೂಜಿ ನೆಲದತ್ತಲೂ ಬಾಗುತ್ತದೆಂದು ಲಂಡನ್ನಿನ ರಾಬರ್ಟ್ ನಾರ್ಮನ್ 1581ರಲ್ಲಿ ಪ್ರಕಟಿಸಿದ. ಇದಕ್ಕೆ ನತಿ ಎಂದು ಹೆಸರು. ಗುಂಡಗೆ ಕಡೆದ ಸೂಜಿಗಲ್ಲಿನ ಮೇಲೆ ಪುಟ್ಟ ಸೂಜಿಗಳು ಅದೇ ರೀತಿ ಬಾಗುವುದನ್ನು ಕಂಡ ವಿಲಿಯಂ ಗಿಲ್ಬರ್ಟ್, ಭೂಮಿಯೇ ಒಂದು ಮಹಾ ಅಯಸ್ಕಾಂತವೆಂದು 1600ರಲ್ಲಿ ಸಾರಿದ.

ಬದಲಾವಣೆಯ ಅರಿವು: ಒಂದು ಊರಿನಲ್ಲಿ ಸೂಜಿಯ ದಿಕ್ಪಾತ, ಅಂದರೆ ನಿಜವಾದ ಉತ್ತರ-ದಕ್ಷಿಣದಿಂದ ಅದು ಸರಿದಿರುವ ಕೋನ, ಬದಲಾಗದೆಂದು ಗಿಲ್ಬರ್ಟ್ ನಂಬಿದ್ದ. ಲಂಡನ್ನಿನಲ್ಲಿ 1580ರಲ್ಲಿ ಪೂರ್ವಕ್ಕೆ ಸುಮಾರು 11 ಡಿಗ್ರಿಯಿದ್ದ ದಿಕ್ಪಾತ 1634ಕ್ಕೆ ಸುಮಾರು 4 ಡಿಗ್ರಿಗೆ ಇಳಿದಿರುವುದನ್ನು ಹೆನ್ರಿ ಗೆಲ್ಲಿಬ್ರಾಂಡ್ ತೋರಿಸಿದ. ಅಲ್ಲಿಂದ ಮುಂದೆ ಸತತ ವೀಕ್ಷಣೆ ಅನಿವಾರ್ಯವಾಯಿತು. ಕ್ಷೇತ್ರದ ಬಹುಪಾಲು ಭೂಮಿಯ ಒಳಗಿನಿಂದಲೇ ಹುಟ್ಟುತ್ತದೆಂದು ಕಾರ್ಲ್ ಫ್ರೀಡ್ರಿಕ್ ಗಾಸ್ 1839ರಲ್ಲಿ ಗಣಿತದಿಂದ ಸಾಧಿಸಿದ.

ಭಾರತದಲ್ಲಿ: ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಲ್ಲಿ ಕಾಂತೀಯ ಅಳತೆಗಳು ಆರಂಭವಾದವು. 1859ರ ಸೆಪ್ಟೆಂಬರಿನ ಮಹಾ ಸೌರ ಬಿರುಗಾಳಿಯಲ್ಲಿ ಅಲ್ಲಿನ ಕ್ಷೇತ್ರದ ಸಮತಲ ಘಟಕ ಸುಮಾರು 1,600 ನ್ಯಾನೋಟೆಸ್ಲಾ ಕುಸಿದದ್ದು ದಾಖಲಾಗಿದೆ. ಆ ಘಟನೆಯ ಅಧ್ಯಯನಕ್ಕೆ ಇದು ಇಂದಿಗೂ ಅಮೂಲ್ಯ ಆಧಾರ. ಮುಂಬಯಿಗೆ ವಿದ್ಯುತ್ ಟ್ರಾಮು ಬರಲಿದ್ದುದರಿಂದ, ಅದರ ಪ್ರವಾಹ ಉಪಕರಣಗಳನ್ನು ಕೆಡಿಸದಿರಲೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ತೆರೆಯಲಾಯಿತು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು ದಾಖಲೆಯ ಕೊಂಡಿ ಕಳಚದಂತೆ ನೋಡಿಕೊಂಡರು. ಭಾರತೀಯ ಭೂಕಾಂತತ್ವ ಸಂಸ್ಥೆ 1971ರಲ್ಲಿ ಸ್ವತಂತ್ರವಾಗಿ ರೂಪುಗೊಂಡಿತು.

ಮೂಲದ ಶೋಧ: ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಾಶ್ವತ ಕಾಂತತ್ವವನ್ನು ಉಳಿಸಿಕೊಳ್ಳಲಾರದು. ಭೂಗರ್ಭದ ತಾಪ ಇದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಅಲ್ಲಿ ಶಾಶ್ವತ ಅಯಸ್ಕಾಂತ ಇರಲು ಸಾಧ್ಯವಿಲ್ಲ. ಸುಮಾರು 2,900 ಕಿಲೋಮೀಟರ್ ಆಳದ ಕೆಳಗಿರುವ ಹೊರತಿರುಳಿನಲ್ಲಿ ದ್ರವರೂಪದ ಕಬ್ಬಿಣ ಹರಿದಾಡುತ್ತ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹವೇ ಕಾಂತಕ್ಷೇತ್ರವನ್ನು ಕಾಯ್ದುಕೊಳ್ಳುತ್ತದೆ. ಈ ಡೈನಮೋ ಸಿದ್ಧಾಂತವನ್ನು ವಾಲ್ಟರ್ ಎಲ್ಸಾಸರ್ ಮತ್ತು ಎಡ್ವರ್ಡ್ ಬುಲ್ಲರ್ಡ್ 20ನೆಯ ಶತಮಾನದ ನಡುವಿನಲ್ಲಿ ಬೆಳೆಸಿದರು. ಬರ್ನಾರ್ಡ್ ಬ್ರೂನ್ ಮತ್ತು ಮೊಟೊನೊರಿ ಮತುಯಾಮ ಪ್ರಾಚೀನ ಶಿಲೆಗಳಲ್ಲಿ ಧ್ರುವಗಳ ಅದಲುಬದಲನ್ನು ಗುರುತಿಸಿದರು. ಅಂಥ ಕೊನೆಯ ಪಲ್ಲಟ ನಡೆದು ಸುಮಾರು 7,80,000 ವರ್ಷಗಳಾದವು. ಕ್ಷೇತ್ರ ಇಂದಿಗೂ ಬದಲಾಗುತ್ತಿರುವುದರಿಂದ ಹಡಗು, ವಿಮಾನ, ಮೊಬೈಲುಗಳ ದಿಕ್ಸೂಚಿಗೆ ಆಧಾರವಾದ ವಿಶ್ವ ಕಾಂತೀಯ ಮಾದರಿಯನ್ನು 5 ವರ್ಷಗಳಿಗೊಮ್ಮೆ ಪರಿಷ್ಕರಿಸಲಾಗುತ್ತದೆ.