ಹರಳಿನುಂಗುರ: ಗ್ರಹಕ್ಕೋ, ಸೊಗಸಿಗೋ?

ಸಿದ್ಧ ಆಭರಣಗಳ ಅಂಗಡಿಗಳು ಬರುವ ಮೊದಲು ಹುಲಕೋಟಿ, ಗದಗ, ಲಕ್ಷ್ಮೇಶ್ವರದ ಕಡೆ ಉಂಗುರವನ್ನು ಕೊಳ್ಳುವುದಕ್ಕಿಂತ ಮಾಡಿಸುವುದೇ ರೂಢಿ. ಪತ್ತಾರರ ಮುಂದೆ ಕುಳಿತು, ಬೆರಳಿನ ಅಳತೆ ಕೊಟ್ಟು, ಇಂಥ ಹರಳು, ಇಷ್ಟು ತೂಕ ಎಂದು ಹೇಳಿ ಬರಬೇಕು. ಹಾಗಾಗಿ ತನಗೊಪ್ಪುವ ಬಣ್ಣಗಳ ದಪ್ಪ ಉಂಗುರವನ್ನು ತಾನೇ ಯೋಚಿಸಿ ಮಾಡಿಸುವುದು ಹೊಸ ಖಯಾಲಿಯೇನಲ್ಲ. ಆದರೆ ಹರಳು ಎಂದೊಡನೆ ಈಗ ಮೊದಲು ಏಳುವ ಪ್ರಶ್ನೆ 'ಯಾವ ಗ್ರಹಕ್ಕೆ?' ಎಂಬುದು. ಇದಕ್ಕೆ ಇತಿಹಾಸದಲ್ಲಿ ಇನ್ನೊಂದು ಉತ್ತರವಿದೆ.

ಗದಗ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲ. ಹತ್ತಿರದ ಲಕ್ಕುಂಡಿಯಲ್ಲಿ ಟಂಕಸಾಲೆಯಿತ್ತು. 'ಲೊಕ್ಕಿ ಗದ್ಯಾಣ' ಎಂಬ ಚಿನ್ನದ ನಾಣ್ಯ ಹೆಸರಾಗಿತ್ತು. ಆ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದನು. ರತ್ನಗಳ ಗುಣದೋಷಗಳನ್ನು ಅವನು ಬೊಕ್ಕಸದ ಭಾಗದಲ್ಲಿ ಹೇಳುತ್ತಾನೆ. ಆಭರಣ ಧರಿಸುವುದನ್ನು ಮಾತ್ರ ಸ್ನಾನ, ತಾಂಬೂಲ, ಹೂಮಾಲೆಗಳ ಜೊತೆಗೆ 'ಉಪಭೋಗ'ಗಳಲ್ಲಿ ಸೇರಿಸಿದ್ದಾನೆ. ಅರಸನ ಒಡವೆ ಮನಸ್ಸಿನ ಸೊಗಸಿಗೂ ಇತ್ತೆಂಬುದಕ್ಕೆ ಇದು ಸಾಕ್ಷಿ.

ನವರತ್ನದ ಉಂಗುರದಲ್ಲಿ ಗ್ರಹ ಮತ್ತು ಸೊಗಸು ಎರಡೂ ಕೂಡಿವೆ. ನಡುವೆ ಸೂರ್ಯನ ಕೆಂಪು. ಪೂರ್ವದಿಂದ ಆರಂಭಿಸಿ ಸುತ್ತಲೂ ವಜ್ರ, ಮುತ್ತು, ಹವಳ, ಗೋಮೇಧಿಕ, ನೀಲ, ವೈಡೂರ್ಯ, ಪುಷ್ಯರಾಗ, ಪಚ್ಚೆ. ಶಾಸ್ತ್ರವನ್ನು ಪಕ್ಕಕ್ಕಿಟ್ಟು ನೋಡಿದರೂ ಇದೊಂದು ದಿಟ್ಟವಾದ ಬಣ್ಣದ ಜೋಡಣೆ.

ಇಂಥ ಉಂಗುರ ಕಟ್ಟುವುದು ಸುಲಭವಲ್ಲ. ವಜ್ರದ ಗಡಸುತನ 10 ಎಂದರೆ ಕೆಂಪು, ನೀಲಗಳದು 9. ಹವಳ 4ನ್ನು ದಾಟದು, ಮುತ್ತು 3ರ ಆಚೀಚೆ. ಬೆಂಕಿ ತಾಗಿದರೆ ಮುತ್ತು ಕೆಡುತ್ತದೆ, ಪಚ್ಚೆ ಸೀಳಬಹುದು. ಇದಕ್ಕೆ ನಮ್ಮ ಕುಶಲಕರ್ಮಿಗಳು ಕಂಡುಕೊಂಡ ಉಪಾಯ ಕುಂದಣ. ಅಪ್ಪಟ ಚಿನ್ನದ ತೆಳು ಹಾಳೆಯನ್ನು ಹರಳಿನ ಸುತ್ತ ಒತ್ತಿ ಒತ್ತಿ ಕೂರಿಸಿದರೆ ಬೆಸುಗೆಯಿಲ್ಲದೆ, ಕಾವಿಲ್ಲದೆ ಅದು ಒಂದಾಗುತ್ತದೆ. ಹರಳಿನ ಹಿಂದೆ ಹೊಳೆಯುವ ತಗಡಿಟ್ಟು ಬಣ್ಣಕ್ಕೆ ಕಳೆ ಕೊಡುವುದೂ ಉಂಟು. ಅದಕ್ಕೇ ಇಂಥ ಒಡವೆಯನ್ನು ನೀರಿನಲ್ಲಿ ನೆನೆಸಬಾರದು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಬೀದಿಯಲ್ಲಿ ಕೆಂಪು, ವಜ್ರ, ಪಚ್ಚೆ, ಮುತ್ತುಗಳ ವ್ಯಾಪಾರವನ್ನು ಕಂಡು ಬರೆದಿದ್ದಾನೆ. ಆದರೆ ಬೀದಿಯಲ್ಲಿ ಕಂಡದ್ದೆಲ್ಲ ಬಡವನ ಬೆರಳಿಗೆ ಏರುವಂತಿರಲಿಲ್ಲ. ಆ ಅಂತರವನ್ನು ಕಡಿಮೆ ಮಾಡಿದ್ದು ರಸಾಯನಶಾಸ್ತ್ರ. ಫ್ರಾನ್ಸಿನ ಅಗಸ್ಟ್ ವರ್ನೆಯಿ, ಅಲ್ಯೂಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಕೆಂಪು ಹರಳು ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದನು. ಕೆಂಪು, ನೀಲ ಎರಡೂ ಒಂದೇ ಖನಿಜ, ನಮ್ಮ 'ಕುರುವಿಂದ'. ಕ್ರೋಮಿಯಂ ಬೆರೆತರೆ ಕೆಂಪು. ಕಬ್ಬಿಣ, ಟೈಟೇನಿಯಂ ಬೆರೆತರೆ ನೀಲಿ. ಹೀಗೆ ಬೆಳೆಸಿದ ಹರಳು ಗಾಜಲ್ಲ. ಗಣಿಯ ಹರಳಿನ ವಸ್ತುವೇ. ಬೆಲೆ ಮಾತ್ರ ಬಹಳ ಕಡಿಮೆ.

ಪತ್ತಾರಿಕೆಗೆ ಬಿದ್ದ ದೊಡ್ಡ ಪೆಟ್ಟು ಕಾನೂನಿನದು. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್‌ಗಿಂತ ಶುದ್ಧವಾದ ಹೊಸ ಆಭರಣಗಳನ್ನು ನಿಷೇಧಿಸಿದವು. ಕುಂದಣಕ್ಕೆ ಬೇಕಾದದ್ದೋ ಅಪ್ಪಟ ಚಿನ್ನ! ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1966ರಲ್ಲಿ ಆ ಮಿತಿ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾದದ್ದು 1990ರಲ್ಲಿ.

ಈಗ ಆಯ್ಕೆ ನಮ್ಮದು. ಶನಿಗೆ ಹೆದರಿ ನೀಲ ಕೊಳ್ಳುವವನು ಸಾಲ ಮಾಡಿಯಾದರೂ ಗಣಿಯ ಹರಳನ್ನೇ ಹುಡುಕುತ್ತಾನೆ. ಮೋಸ ಹೋಗುವ ಸಂಭವವೂ ಅವನಿಗೇ ಹೆಚ್ಚು. ದುಬಾರಿ ಹರಳಾದರೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಲೇಬೇಕು. ಬಣ್ಣಕ್ಕಾಗಿ ಮಾಡಿಸುವವನಿಗೆ ಬೆಳೆಸಿದ ಕೆಂಪೂ ಸಾಕು, ಅಜ್ಜಿಯ ಮುರಿದ ಬುಗುಡಿಯಿಂದ ಬಿಚ್ಚಿದ ಹರಳೂ ಸಾಕು. ದಿನವೂ ತೊಡುವುದಾದರೆ ಮುತ್ತು, ಹವಳ ಬೇಡ. ಉಳಿದದ್ದನ್ನು ಪತ್ತಾರರ ಮುಂದೆ ಕುಳಿತು ತೀರ್ಮಾನಿಸಬಹುದು.