ಕ್ಯಾಮೆರಾಗೆ ವಾಪಸ್ ಹೋಗುತ್ತಿದ್ದ ಮದುವೆ ವಿಡಿಯೋ

ಇಪ್ಪತ್ತು ವರ್ಷದ ಹಿಂದಿನ ಮದುವೆಯ ಸಿಡಿ ಈಗಲೂ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಹಾಕಿ ನೋಡಿದರೆ ಧಾರೆ ಎರೆಯುವ ಅಜ್ಜನ ಮುಖ ಚೌಕ ಚೌಕವಾಗಿ ಒಡೆದು ಕಾಣುತ್ತದೆ. 'ಆಗಿನ ಕ್ಯಾಮೆರಾನೇ ಅಷ್ಟು' ಅಂತ ನಾವು ಸುಮ್ಮನಾಗುತ್ತೇವೆ. ಆದರೆ ಆ ಮದುವೆಯನ್ನು ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದಿದ್ದರೆ, ತಪ್ಪು ಕ್ಯಾಮೆರಾದ್ದಲ್ಲ.

ಡಿವಿ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಕ್ಯಾಸೆಟ್, ಅದರಲ್ಲಿ 60 ನಿಮಿಷ. ನಮ್ಮ ಹಿರಿಯ ಸ್ಟ್ರಿಂಗರ್‌ಗಳು ಸುದ್ದಿ ಹಿಡಿದು, ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬೆಂಗಳೂರಿಗೆ ಕಳಿಸುತ್ತಿದ್ದುದು ಇಂಥ ಕ್ಯಾಸೆಟ್ಟನ್ನೇ. ಅದೇ ವರ್ಷ ಬಂದ ಸೋನಿ ವಿಎಕ್ಸ್ 1000 ಕ್ಯಾಮೆರಾದಲ್ಲಿ ಫೈರ್‌ವೈರ್ ಎಂಬ ವೈರು ಚುಚ್ಚುವ ಸಣ್ಣ ಕಿಂಡಿಯೂ ಇತ್ತು. ಆ ವೈರಿನಲ್ಲಿ ಚಿತ್ರ ಕ್ಯಾಮೆರಾದಿಂದ ಕಂಪ್ಯೂಟರಿಗೆ ಹೋಗುತ್ತಿತ್ತು. ಎಡಿಟ್ ಆದಮೇಲೆ ಅದೇ ವೈರಿನಲ್ಲಿ ಕ್ಯಾಮೆರಾಗೆ ಮರಳಿ, ಹೊಸ ಕ್ಯಾಸೆಟ್ಟಿನಲ್ಲಿ ಕೂರುತ್ತಿತ್ತು.

ಹೀಗೆ ಮರಳಿಸುವ ಗರಜು ಯಾಕೆ? ಜಾಗ ಇರಲಿಲ್ಲ. ಒಂದು ಗಂಟೆಯ ಡಿವಿ ವಿಡಿಯೋಗೆ ಸುಮಾರು 13 ಜಿಬಿ ಬೇಕು. ಆಗಿನ ಸ್ಟುಡಿಯೋ ಕಂಪ್ಯೂಟರಿನ ಹಾರ್ಡ್ ಡಿಸ್ಕ್ 40 ಜಿಬಿ ಇದ್ದರೆ ಅದೇ ದೊಡ್ಡದು. ಒಂದು ಮದುವೆ ಮುಗಿಸಿ ಅಳಿಸದಿದ್ದರೆ ಮುಂದಿನ ಮದುವೆಗೆ ಜಾಗವಿಲ್ಲ. ಹಾಗಾಗಿ ಎಡಿಟ್ ಆದದ್ದು ಕ್ಯಾಸೆಟ್ಟಿಗೆ. ಅದೇ ಮಾಸ್ಟರ್ ಪ್ರತಿ.

ಡಿವಿಯ ಸೊಗಸು ಇರುವುದೇ ಇಲ್ಲಿ. ಅದರಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ತನ್ನಷ್ಟಕ್ಕೆ ತಾನು ಪೂರ್ಣ. ಕತ್ತರಿಸಿ ಜೋಡಿಸಿದರೆ ಕತ್ತರಿಸಿದ ಜಾಗ ಬಿಟ್ಟು ಬೇರೇನೂ ಬದಲಾಗದು. ಹೆಸರು ಬರೆದ, ಹೂವು ಉದುರಿಸಿದ ಕಡೆ ಮಾತ್ರ ಕಂಪ್ಯೂಟರ್ ಹೊಸದಾಗಿ ಲೆಕ್ಕ ಹಾಕಬೇಕು. ಅಳತೆ 720×576 ಇದ್ದು, ಧ್ವನಿಯೂ ಡಿವಿ ಒಪ್ಪುವ ಲೆಕ್ಕದಲ್ಲೇ ಇದ್ದರೆ ಕ್ಯಾಮೆರಾ ಅದನ್ನು ತಾನೇ ಹಿಡಿದದ್ದೆಂಬಂತೆ ತೋರಿಸುತ್ತಿತ್ತು. ವಿಎಚ್‌ಎಸ್ ಕಾಲದಲ್ಲಿ ಕಾಪಿಯ ಕಾಪಿ ಮಬ್ಬಾಗುತ್ತಿತ್ತಲ್ಲ, ಆ ಕಾಟ ಇಲ್ಲ.

ಯುರೋಪಿನಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಹೊರಗಿನಿಂದ ವಿಡಿಯೋ ಒಳಗೆ ತೆಗೆದುಕೊಳ್ಳುವ ಕ್ಯಾಮೆರಾ ಎಂದರೆ ಅದು ಕ್ಯಾಮೆರಾ ಅಲ್ಲ, ವಿಡಿಯೋ ರೆಕಾರ್ಡರ್ ಎಂದಿತು ಅಲ್ಲಿನ ಸುಂಕದ ಲೆಕ್ಕ. ಕ್ಯಾಮೆರಾಗೆ ಶೇ 4.9 ಸುಂಕ, ರೆಕಾರ್ಡರ್‌ಗೆ ಶೇ 14. ಕಂಪನಿಗಳು ಅಲ್ಲಿ ಮಾರುವ ಎಷ್ಟೋ ಮಾಡೆಲ್‌ಗಳಲ್ಲಿ ಒಳಬರುವ ದಾರಿಯನ್ನೇ ಮುಚ್ಚಿಬಿಟ್ಟವು. ಕಿಂಡಿ ಇದೆ, ಚಿತ್ರ ಹೊರಗೆ ಬರುತ್ತದೆ, ಒಳಗೆ ಹೋಗುವುದಿಲ್ಲ! ಆ ಬೀಗ ತೆಗೆಯುವ ಪುಟ್ಟ ಸಾಧನಗಳನ್ನು ಮಾರಿ ಕೆಲವರು ಕಾಸು ಮಾಡಿಕೊಂಡರು.

2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಎವಿಸಿಎಚ್‌ಡಿ ತಂದವು. ಕ್ಯಾಸೆಟ್ ಹೋಗಿ ಮೆಮೊರಿ ಕಾರ್ಡ್ ಬಂತು. ಚಿತ್ರ ಇನ್ನೂ ಚೆಂದ, ಆದರೆ ಕ್ಯಾಮೆರಾ ಮಡಿವಂತನಾಯಿತು. ಎಡಿಟ್ ಮಾಡಿದ ಫೈಲನ್ನು ಸುಮ್ಮನೆ ಕಾರ್ಡಿಗೆ ಹಾಕಿದರೆ ಅದು ಕಣ್ಣೆತ್ತಿಯೂ ನೋಡದು. ಫೋಲ್ಡರ್ ಒಳಗೆ ಫೋಲ್ಡರ್, ಐದಂಕಿಯ ಹೆಸರು, ಪಟ್ಟಿ ಇಡುವ ಬೇರೆ ಫೈಲು, ಎಲ್ಲವೂ ಅದರ ಕ್ರಮದಲ್ಲೇ ಇರಬೇಕು. ಹಾರ್ಡ್ ಡಿಸ್ಕ್ ಅಗ್ಗವಾಗಿದ್ದರಿಂದ ಅಷ್ಟು ಒದ್ದಾಡುವ ಅಗತ್ಯವೂ ಉಳಿಯಲಿಲ್ಲ. ವಿಡಿಯೋ ಕ್ಯಾಮೆರಾಗೆ ಮರಳುವ ರೂಢಿ ಅಲ್ಲಿಗೆ ನಿಂತಿತು.

ಇನ್ನು ಬೀರುವಿನ ಸಿಡಿ. ಅದು ವಿಸಿಡಿ ಆಗಿದ್ದರೆ ಅಳತೆ 352×288, ಅಂದರೆ ಮಾಸ್ಟರಿನ ಕಾಲು ಭಾಗಕ್ಕೂ ಕಡಿಮೆ ಚುಕ್ಕಿಗಳು. ಮನೆಯವರಿಗೆ ಸಿಕ್ಕಿದ್ದು ಅದು. ಒಳ್ಳೆಯ ಪ್ರತಿ ಸ್ಟುಡಿಯೋದಲ್ಲೇ ಉಳಿಯಿತು, ಕೆಲವು ಕಡೆ ಅದರ ಮೇಲೆ ಮುಂದಿನ ಮದುವೆ ರೆಕಾರ್ಡ್ ಆಯಿತು.

ಎಲ್ಲವೂ ಅಳಿದಿಲ್ಲ. ನಿಮ್ಮ ಮದುವೆ ಹಿಡಿದ ಸ್ಟುಡಿಯೋದವರನ್ನು ಒಮ್ಮೆ ಕೇಳಿ ನೋಡಿ, ಅಟ್ಟದ ಡಬ್ಬದಲ್ಲಿ ಕ್ಯಾಸೆಟ್ ಇರಬಹುದು. ಹಳೆಯ ಕ್ಯಾಮೆರಾ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ ಎಂದೂ ಹೇಳಿ. ಕ್ಯಾಸೆಟ್ ಸಿಕ್ಕರೂ ಓಡಿಸಲು ಅದೇ ಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಕಿಂಡಿ ಇರುವುದಿಲ್ಲ, ಹಳೆಯ ಕಂಪ್ಯೂಟರೂ ಹುಡುಕಬೇಕಾದೀತು.