ಹತ್ತು ತಿಂಗಳ ಕರಾರು

ರಾಹುಲ್ ದ್ರಾವಿಡ್ ದುಡ್ಡಿಗೂ ಹೆಸರಿಗೂ ಆಸೆಪಟ್ಟವರಲ್ಲ, ಅದಕ್ಕೇ ದೊಡ್ಡ ತಂಡ ಬಿಟ್ಟು ಹುಡುಗರಿಗೆ ಕಲಿಸಲು ಹೋದರು. ಹರಪನಹಳ್ಳಿಯಲ್ಲಿ ಸಂಜೆ ಮೈದಾನದ ಅಂಚಿಗೆ ಕೂತವರ ಬಾಯಲ್ಲಿ ಈ ಮಾತು ಎಷ್ಟೋ ಸಲ ಕೇಳಿದ್ದೇನೆ. ಜನರು ನಂಬಿರುವ ಕೋಚ್‌ಗೂ ಅವರು ಹಿಡಿದ, ಬಿಟ್ಟ ಕೆಲಸಗಳಿಗೂ ತಾಳೆಯಾಗುತ್ತದೆಯೇ ಎಂದು ನೋಡಲು ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿದೆ.

2015ರ ಜೂನ್‌ನಲ್ಲಿ ಅವರು ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ಕೋಚ್ ಆದರು. ಆದರೆ 2016, 2017ರ ಬೇಸಿಗೆಯ ಪುಟಗಳನ್ನು ತಿರುವಿದರೆ ಅದೇ ದ್ರಾವಿಡ್ ಡೆಲ್ಲಿ ಡೇರ್‌ಡೆವಿಲ್ಸ್‌ನ ಮೆಂಟರ್ ಆಗಿ ಕಾಣಿಸುತ್ತಾರೆ. ಬಿಸಿಸಿಐ ಜೊತೆಗಿನ ಅವರ ಕರಾರು ಹತ್ತು ತಿಂಗಳದ್ದು, ಉಳಿದೆರಡು ತಿಂಗಳು ಐಪಿಎಲ್‌ಗೆ. ಕದ್ದು ಮಾಡಿದ್ದೇನಲ್ಲ, ಬರವಣಿಗೆಯಲ್ಲೇ ಇತ್ತು. ಮೈದಾನದ ಅಂಚಿನ ಮಾತಿನಲ್ಲಿ ಮಾತ್ರ ಈ ಎರಡು ತಿಂಗಳ ಸುದ್ದಿಯೇ ಇಲ್ಲ.

ಈ ಕರಾರನ್ನು ಪ್ರಶ್ನಿಸಿದವರೂ ದ್ರಾವಿಡ್ ಅವರಂತೆ ಬೆಂಗಳೂರಿನವರೇ. ಕ್ರಿಕೆಟ್ ಆಡಳಿತ ಸಮಿತಿಗೆ ರಾಜೀನಾಮೆ ಕೊಟ್ಟ ಇತಿಹಾಸಕಾರ ರಾಮಚಂದ್ರ ಗುಹಾ 2017ರ ಜೂನ್‌ನಲ್ಲಿ ಬರೆದ ಪತ್ರದಲ್ಲಿ ಇಂಥ ಹತ್ತು ತಿಂಗಳ ಕರಾರುಗಳನ್ನು ಕಟುವಾಗಿ ಟೀಕಿಸಿದರು. ಪತ್ರಿಕೆಗಳು ಅದನ್ನು ದ್ರಾವಿಡ್‌ಗೆ ಅನ್ವಯಿಸಿಯೇ ಓದಿದವು. ದ್ರಾವಿಡ್‌ಗೆ ನೋವಾಯಿತು. ಆದರೂ ಅದೇ ತಿಂಗಳ ಕೊನೆಗೆ ಅವರು ಐಪಿಎಲ್ ಬಿಟ್ಟು, ಹುಡುಗರ ತಂಡಕ್ಕೆ ಮತ್ತೆರಡು ವರ್ಷ ಒಪ್ಪಿಕೊಂಡರು. ಗುಹಾ ಕೇಳಿದ್ದು ನ್ಯಾಯವಾಗಿತ್ತು ಎಂದೇ ನನ್ನ ಅಭಿಪ್ರಾಯ. ದ್ರಾವಿಡ್‌ ಬಗೆಗಿನ ನನ್ನ ಗೌರವ ಅದರಿಂದ ಕಮ್ಮಿಯಾಗಿಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂದಾಗ ಅವರು ಬಿಟ್ಟದ್ದು ಯಾವುದನ್ನು ಎನ್ನುವುದು ದಾಖಲೆಯಲ್ಲಿದೆ.

ಅದೇ ಜೂನ್‌ನಲ್ಲಿ ಅನಿಲ್ ಕುಂಬ್ಳೆ ಹಿರಿಯರ ತಂಡದ ಕೋಚ್ ಹುದ್ದೆ ತೊರೆದಿದ್ದರು. ಆಗ ದ್ರಾವಿಡ್ ಅವರನ್ನು ಕೇಳಿದ್ದೆವು, ಬೆಳೆಯುವ ಮಕ್ಕಳ ಜೊತೆ ಮನೆಯಲ್ಲಿರಬೇಕು ಎಂದು ಅವರು ಒಲ್ಲೆ ಎಂದರು ಎಂಬುದಾಗಿ ಆ ಆಡಳಿತ ಸಮಿತಿಯ ಮುಖ್ಯಸ್ಥರಾಗಿದ್ದ ವಿನೋದ್ ರಾಯ್ ವರ್ಷಗಳ ನಂತರ ತಿಳಿಸಿದರು. ತ್ಯಾಗ ಎಂದು ನಾವು ಹಾಡಿ ಹೊಗಳುವುದರ ಹಿಂದೆ ಒಬ್ಬ ತಂದೆಯ ಲೆಕ್ಕಾಚಾರವಿತ್ತು. ನನಗೆ ಇದೇ ಹೆಚ್ಚು ಇಷ್ಟವಾಗುತ್ತದೆ. 2021ರ ನವೆಂಬರ್‌ನಲ್ಲಿ ಅದೇ ಹುದ್ದೆಯನ್ನು ಒಪ್ಪಿಕೊಂಡರು, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದು ಹುದ್ದೆ ಬಿಟ್ಟರು. ಆಮೇಲೆ ರಾಜಸ್ಥಾನ ರಾಯಲ್ಸ್. 2025ರ ಆಗಸ್ಟ್‌ನಲ್ಲಿ ಅದೂ ಮುಗಿಯಿತು.

ಕಟ್ಟಿನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 2015ರ ಡಿಸೆಂಬರ್‌ನ ಪಟೌಡಿ ಉಪನ್ಯಾಸದ ವರದಿ. ಹುಡುಗರ ವಯಸ್ಸು ತಿದ್ದಿ ಆಡಿಸುವ ಪಿಡುಗನ್ನು ದ್ರಾವಿಡ್ ಅಲ್ಲಿ ನೇರವಾಗಿ ಎತ್ತಿಕೊಂಡರು. ತಂದೆಯೋ ಕೋಚೋ ಮಗುವಿಗೆ ಮೊದಲು ಕಲಿಸುವುದೇ ಸುಳ್ಳು ಎನ್ನುವುದು ಅವರ ಸಂಕಟ. ಶಾಲೆ ದಾಖಲಾತಿಯಲ್ಲಿ ಮೇಷ್ಟ್ರು ಬರೆದ ಜೂನ್ 1 ಎಷ್ಟೋ ಮಂದಿಯ ಹುಟ್ಟಿದ ದಿನವಾಗಿರುವ ನಮ್ಮ ಸೀಮೆಯಲ್ಲಿ ಕೂತು ಇದನ್ನು ಓದುವಾಗ, ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ನಡೆಯುವ ಜಗಳಗಳೆಲ್ಲ ಕಣ್ಮುಂದೆ ಬಂದವು. ಮರುವರ್ಷ, ಒಬ್ಬ ಆಟಗಾರನಿಗೆ 19 ವರ್ಷದೊಳಗಿನವರ ವಿಶ್ವಕಪ್ ಒಂದೇ ಸಲ ಎಂಬ ನಿಯಮವನ್ನು ಬಿಸಿಸಿಐ ತಂದಿತು. ಅದರ ಹಿಂದೆ ಇದ್ದದ್ದು ದ್ರಾವಿಡ್ ಸಲಹೆ.

ಇನ್ನು ದುಡ್ಡಿನ ವಿಚಾರ. 2018ರ ಫೆಬ್ರವರಿ 3ರಂದು ನ್ಯೂಜಿಲೆಂಡ್‌ನಲ್ಲಿ ಅವರ ಹುಡುಗರು ಆಸ್ಟ್ರೇಲಿಯಾವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಬಿಸಿಸಿಐ ಘೋಷಿಸಿದ ಬಹುಮಾನ ಹೀಗಿತ್ತು: ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ನನಗೇಕೆ ಹೆಚ್ಚು ಎಂದು ಅವರು ತಕರಾರು ತೆಗೆದರು. ಕೆಲವು ವಾರಗಳ ನಂತರದ ಸುದ್ದಿಯಲ್ಲಿ ದ್ರಾವಿಡ್‌ಗೂ ಸಿಬ್ಬಂದಿಗೂ ಒಂದೇ ಮೊತ್ತ, 25 ಲಕ್ಷ. ಪಟ್ಟಿಯೂ ಉದ್ದವಾಗಿತ್ತು. ವಿಶ್ವಕಪ್‌ಗೆ ಹೋಗದಿದ್ದರೂ ಅದಕ್ಕೂ ಮೊದಲು ಹುಡುಗರ ಜೊತೆ ದುಡಿದವರು ಅದರಲ್ಲಿ ಸೇರಿದ್ದರು. 2017ರ ಜನವರಿಯಲ್ಲಿ ತೀರಿಕೊಂಡಿದ್ದ ಟ್ರೇನರ್ ರಾಜೇಶ್ ಸಾವಂತ್ ಅವರ ಹೆಸರೂ ಇತ್ತು.